ಡಿಕ್ಕಿಯ ಮೇಲೆ ನಿಂತ ಕೈ

ಆ ನೀಲಿ ಕಾರು ನಮ್ಮ ಪೇಂಟಿಂಗ್ ಶೆಡ್ಡಿನೊಳಗೆ ಬಂದ ಕೂಡಲೇ ಗುರುತು ಹಿಡಿದೆ. ನನ್ನ ಗಂಡ ಕೊನೆಯದಾಗಿ ಬಣ್ಣ ಹೊಡೆದ ಕಾರು ಅದು. ನಾನು ಆಗ ತಂಗಿಯ ಹೆರಿಗೆಗೆಂದು ಊರಿಗೆ ಹೋಗಿದ್ದೆ. ಬಣ್ಣ ಹೊಡೆದ ಸಂಜೆಯೇ ಅವರು ತೀರಿಹೋದರು. "ಚೆನ್ನಾಗೇ ಇದ್ದ ಅತ್ತಿಗೆ, ಕೂತಲ್ಲೇ ಹೋದ, ಒಂಚೂರೂ ಕಷ್ಟಪಡಲಿಲ್ಲ" ಎಂದಿದ್ದ ಮೈದುನ. ಆ ಒಂದು ಮಾತನ್ನು ನಂಬಿಕೊಂಡೇ ನಾನು ಇಷ್ಟು ವರ್ಷ ರಾತ್ರಿ ಕಣ್ಣು ಮುಚ್ಚಿದ್ದೇನೆ.

ಕಾರಿನ ಒಡೆಯರು ಮೇಷ್ಟ್ರು. "ನೋಡಮ್ಮ, ಮುಂದೆಲ್ಲ ಕನ್ನಡಿ, ಹಿಂದೆಲ್ಲ ಕಜ್ಜಿ!" ಎಂದು ಗೊಣಗಿದರು.

"ವರ್ಷವಿಡೀ ಬಿಸಿಲಲ್ಲಿ ನಿಲ್ಸಿದ್ರೆ ಇನ್ನೇನಾಗುತ್ತೆ ಸಾರ್? ನೀವೇ ಒಂದಿನ ನಿಂತು ನೋಡಿ," ಎಂದು ರೇಗಿ, ಬೀಗದಕೈ ಇಸಿದುಕೊಂಡು ಕಳಿಸಿದೆ.

ಆಮೇಲೆ ಒಬ್ಬಳೇ ಕಾರು ತೊಳೆದೆ. ಬಣ್ಣದ ಮೇಲೆ ಹೊಳಪಿಗೆ, ಕಾವಲಿಗೆ ಹೊಡೆಯುವ ಪದರ ಕ್ಲಿಯರ್. ಅದು ತೆಳುವಾದಲ್ಲಿ ಬಿಸಿಲು ನುಗ್ಗಿ ಸಿಪ್ಪೆ ಏಳಿಸುತ್ತದೆ. ನಮ್ಮವರು ಯಾವಾಗಲೂ ಬಾನೆಟ್ಟಿನಿಂದ ಶುರುಮಾಡಿ, ಟಾಪು, ಡಿಕ್ಕಿ ಮುಗಿಸಿ, ಕೊನೆಗೆ ಬಾಗಿಲಿಗೆ ಬರುತ್ತಿದ್ದರು.

ಬಾನೆಟ್ಟಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಟಾಪಿನ ನಡುವೆ ಅಲ್ಲಲ್ಲಿ ಬಿಳಿ ಮಚ್ಚೆ. ಅದರ ಹಿಂತುದಿಗೆ ಬಂದರೆ ಈರುಳ್ಳಿ ಸಿಪ್ಪೆಯಂತೆ ಸುರುಳಿ ಎದ್ದಿತ್ತು. ಡಿಕ್ಕಿಯ ಮೇಲೆ ಕ್ಲಿಯರೇ ಇರಲಿಲ್ಲ, ಒಂದು ಜಾಗ ಬಿಟ್ಟು. ಅಲ್ಲಿ ಅದು ದಪ್ಪಗೆ ಹನಿಗಟ್ಟಿ ಇಳಿದು ಒಣಗಿತ್ತು. ಸ್ಪ್ರೇ ಗನ್ ಅಲ್ಲಾಡದೆ ಒಂದೇ ಕಡೆ ನಿಂತರೆ ಮಾತ್ರ ಹಾಗಾಗುವುದು. ಹನಿ ಇಳಿಸಿದವನ ಕೈ ಮುರೀಬೇಕು ಅನ್ನುತ್ತಿದ್ದ ಮನುಷ್ಯ ಅವರು! ಆ ಹನಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಮೂಲೆಯ ಕಂಪ್ರೆಸರ್ ತಾನಾಗಿ ಗುಡುಗುಡು ಎಂದಿತು. ಗಾಳಿ ಇಳಿದಾಗ ಅದು ಹಾಗೆ ಶುರುವಾಗುವುದು ಹೊಸದೇನಲ್ಲ. ಆದರೂ ನಾನು, ಅವರು ಬರುತ್ತಾರೇನೋ ಎಂದು ಸ್ಪ್ರೇ ಕೋಣೆಯ ಕಡೆ ತಿರುಗಿದೆ. ಯಾರೂ ಇರಲಿಲ್ಲ.

ಬಾಗಿಲುಗಳು ಮಾತ್ರ ಗುಂಡುಕಲ್ಲಿನ ಹಾಗಿದ್ದವು. ದಪ್ಪ ಕ್ಲಿಯರ್, ಮೇಲೆ ಸಣ್ಣ ತರಿ. ಮೈದುನನನ್ನು ಕೂಗಿದೆ.

"ಬಾಗಿಲು ಹೊಡೆದಿದ್ದು ಯಾರೋ?"

"ಅಣ್ಣಾನೇ ಅಲ್ವಾ ಅತ್ತಿಗೆ..."

"ನನ್ನ ಕಿವಿಗೆ ಹೂವಿಡಬೇಡ. ಗೋಡೆಗೆ ಸುಣ್ಣ ಬಳಿದ ಹಾಗೆ ಹೊಡೆಯೋನು ಈ ಶೆಡ್ಡಲ್ಲಿ ನೀನೊಬ್ಬನೇ."

ಅವನು ಬಣ್ಣದ ಡಬ್ಬದ ಮೇಲೆ ಕುಸಿದು ಕೂತ.

"ಟಾಪಿಗೆ ಬರೋ ಹೊತ್ತಿಗೇ ಅಣ್ಣಂಗೆ ಉಸಿರು ಸಿಗ್ತಿರಲಿಲ್ಲ. ಕ್ಲಿಯರ್ ಹೊಗೆ ಅವನ ಎದೆ ತಿಂದುಹಾಕಿತ್ತು. ಒಂದು ಗೆರೆ ಹೊಡೆಯೋದು, ಗೋಡೆ ಹಿಡ್ಕೊಳ್ಳೋದು. ಡಿಕ್ಕಿ ಹತ್ರ ಬಂದು... ನಿಂತೇಬಿಟ್ಟ. ಗನ್ ಒತ್ತಿದ ಬೆರಳು ಬಿಡೋಕೂ ಆಗಲಿಲ್ಲ. ನಾನೇ ಬಿಡಿಸ್ದೆ."

"ನನಗ್ಯಾಕೆ ಹೇಳಿ ಕಳಿಸ್ಲಿಲ್ಲ?"

"ಕರೆಸ್ತೀನಿ ಅಂದೆ. ಬೇಡ, ಅವಳಿಗೆ ಗೊತ್ತಾದ್ರೆ ಶೆಡ್ಡಿಗೆ ಬೀಗ ಹಾಕ್ತಾಳೆ ಅಂತ... ಆಣೆ ಹಾಕಿಸ್ಕೊಂಡ."

"ಹಾಕ್ತಿದ್ದೆ ಕಣೋ! ಹಾಕಿ ಬೀಗದಕೈ ಬಾವಿಗೆ ಎಸೀತಿದ್ದೆ! ಇಬ್ರೂ ಸೇರಿ ನನ್ನನ್ನ ಮಣ್ಣಿನ ಗೊಂಬೆ ಮಾಡಿದ್ರಲ್ಲೋ!"

ಸತ್ತವರ ಮೇಲೂ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬರುತ್ತದೆ. ಅದರ ಹಿಂದೆಯೇ ದುಃಖ ಒತ್ತರಿಸಿ ಬಂತು. ಗೋಡೆ ಹಿಡಿದು ನಿಂತಾಗ ಬೆನ್ನು ಸವರುವುದಕ್ಕಾದರೂ ನಾನು ಇರಬೇಕಿತ್ತು. ಡಿಕ್ಕಿಯ ಮೇಲೆ ಹಣೆಯಿಟ್ಟು ಅತ್ತೆ. ಎದ್ದ ಸಿಪ್ಪೆ ಹಣೆಗೆ ಚುಚ್ಚಿತು.

"ಅಳಬೇಡಿ ಅತ್ತಿಗೆ. ನಾನೇ ಎಲ್ಲಾ... ಉಜ್ಜಿ ತೆಗೀತೀನಿ. ನೀವು... ನೋಡೋದೂ ಬೇಡ."

ತಲೆಯೆತ್ತಿದೆ. ಅವನು ಮಾತಿನ ನಡುನಡುವೆ ನಿಲ್ಲುತ್ತಿದ್ದ. ಅಳು ನುಂಗಿಕೊಳ್ಳುತ್ತಿದ್ದಾನೆ ಅಂದುಕೊಂಡಿದ್ದೆ. ಆದರೆ ಅವನ ಕಣ್ಣು ಒಣಗಿತ್ತು. ಒಂದೊಂದು ಉಸಿರಿಗೂ ಕತ್ತಿನ ಬುಡದ ಗುಳಿ ಒಳಕ್ಕೆ ಹೋಗುತ್ತಿತ್ತು.

ಹಿತ್ತಲಲ್ಲಿ ಅವನ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು, ಏನನ್ನೋ ಗುನುಗಿಕೊಂಡು.

"ನಿನ್ನ ಉಸಿರಿನ ವಿಷಯ ಅವಳಿಗೆ ಗೊತ್ತಾ?" ಎಂದೆ.

"ಸುಮ್ನೆ ಹೆದರ್ತಾಳೆ, ಅತ್ತಿಗೆ. ದಮ್ಮಯ್ಯ, ಹೇಳ್ಬೇಡಿ."

ಕೈ ಹಿಡಿಯಲು ಬಂದ. ಕೊಸರಿಕೊಂಡು ಹೋಗಿ ಹಿತ್ತಲ ಬಾಗಿಲು ತೆಗೆದೆ.

"ಏ, ಬಾರೇ ಇಲ್ಲಿ!" ಎಂದು ಕೂಗಿದೆ. "ಬಟ್ಟೆ ಹಾಗೇ ಬಿಟ್ಟು ಬಾ."