ರಸ್ತೆಯಲ್ಲಿ ಕೂತವಳು

ಮುಂದಿನ ಕುರಿಯ ಬಾಲಕ್ಕೆ ಒಂದು ನೆಗ್ಗಿಲ ಮುಳ್ಳು ಸಿಕ್ಕಿಕೊಂಡಿದೆ, ಹೆಜ್ಜೆ ಹಾಕಿದಂತೆಲ್ಲ ಕುಣಿಯುತ್ತದೆ, ಕೀಳಬೇಕು, ಬಗ್ಗಿದರೆ ಮತ್ತೆ ನೆಟ್ಟಗೆ ನಿಲ್ಲಲಾದೀತೇ, ಬೇಡ, ಇರಲಿ, ಮುಳ್ಳನ್ನೇ ನೋಡುತ್ತ ನಡಿ ಶಶಿರೇಖಾ, ಎಂದು ತನಗೆ ತಾನೇ ಹೇಳಿಕೊಂಡಳು, ಯಾಕೆಂದರೆ ಶುರುವಾಗಿದೆ, ಕಿಬ್ಬೊಟ್ಟೆಯಲ್ಲಿ, ಒದ್ದೆ ಸೀರೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಿದ ಹಾಗೆ, ಇವತ್ತೇ ಬರಬೇಕಿತ್ತೇ ಇದು, ವರ್ಷಕ್ಕೊಮ್ಮೆ ಮಂದೆ ಹೊರಡುವ ಈ ದಿನವೇ—ಮೊರಪ್ಪೂರಿನಾಚೆ ಕುಯ್ಲಾದ ಹೊಲಗಳಿವೆ, ಕುರಿ ತಂಗಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು—ಮುಂದೆ ಗಂಡನ ಚಿಕ್ಕಪ್ಪ ಹೆಗಲ ಮೇಲೆ ಕೋಲು ಅಡ್ಡ ಹಾಕಿಕೊಂಡು ತಾನೇ ಊರಿನ ಗೌಡ ಅನ್ನುವ ಹಾಗೆ ನಡೆಯುತ್ತಿದ್ದಾನೆ, ನಡುವೆ ಗಂಡ ಶಂಕರ್, ಹಿಂದೆ ಇವಳು. ಬಾಮ್ಮಿ, ಬರಬ್ಯಾಡ ಅನ್ನಾಕಿಲ್ಲ, ಆದ್ರೆ ದಾರೀಲಿ ಒಟ್ಟೆ ಇಡ್ಕಂಡು ಕುಂತ್ಕಂಡ್ಯೋ, ಇದೇ ಕಡೇದು, ಆಮೇಲೆ ಮಂದೆ ಇಂದೆ ಬರಾ ಮಾತೇ ಇಲ್ಲ, ಅಂದಿದ್ದ ಚಿಕ್ಕಪ್ಪ, ನೆನ್ನೆ, ಎಲ್ಲರೆದುರಿಗೆ. ಮಂದೆಯ ಜೊತೆ ನಡೆಯದವರು ಯಾವ ಕುರಿ ಇಟ್ಟುಕೊಳ್ಳಬೇಕು ಯಾವುದು ಮಾರಬೇಕು ಅಂತ ಬಾಯಿ ಬಿಡುವಂತಿಲ್ಲ ಈ ಮನೆಯಲ್ಲಿ. ತವರಿಂದ ಬಳುವಳಿ ಬಂದ ಕುರಿಗಳು ಅವಳವು, ಮರಿ ಹಾಕಿ ಹಾಕಿ ಕಾಲುಭಾಗ ಮಂದೆಯಾಗಿವೆ, ಅವಕ್ಕೆ ಅವಳೇ ಮೂಗಿ ಆಗಿ ಕೂರಬೇಕೇ? ಕೂರೋದಿಲ್ಲ, ಎಲ್ಲೂ ಕೂರೋದಿಲ್ಲ, ನಡಿ.

ಉಸಿರು ಒಳಗೆ, ಹೊಟ್ಟೆ ಉಬ್ಬಲಿ, ಈಗ ಬಿಡು, ನಿಧಾನ, ಕೆಳಗಿನದೆಲ್ಲ ಸಡಿಲ ಬಿಡು—ಸೇಲಂನ ಶರಣ್ಯ ಹೇಳಿಕೊಟ್ಟದ್ದು, ಪುಟ್ಟ ಹುಡುಗಿ, ವ್ಯಾಯಾಮ ಹೇಳಿಕೊಡುವವಳು, ಅಕ್ಕಾ, ವಲಿ ವಂದಾ ಇರುಕ್ಕಿ ಪಿಡಿಕ್ಕಾದೀಂಗ, ನೋವು ಬಂದರೆ ಬಿಗಿ ಹಿಡಿಯಬೇಡಿ ಅನ್ನುತ್ತಿದ್ದಳು, ಇಷ್ಟು ವರ್ಷ ಬಿಗಿ ಹಿಡಿದದ್ದೇ ಬದುಕಾಗಿತ್ತಲ್ಲ, ಅಮ್ಮ ಎಲ್ಲರಿಗೂ ಬರೋದೇ ಕಣೆ ಅಂದಳು, ಟೀಚರ್ ನಾಟಕ ಅಂದರು, ಮದುವೆಯಾದ ಮೇಲೆ ಅತ್ತೆ ಮಾದಮ್ಮ ಮಾತ್ರ ನಂಬಿದಳು, ಪಾಪ, ಎಷ್ಟು ನಂಬಿದಳೆಂದರೆ—ನಗು ಬರುತ್ತದೆ ಈಗ, ನಕ್ಕರೆ ಎಳೆಯುತ್ತದೆ—ಮುಟ್ಟಾದಾಗ ಕೂರುವ ಚಪ್ಪರದಲ್ಲಿ ಮುದುರಿ ಮಲಗಿ ಇವಳು ಕಟಕಟ ಹಲ್ಲು ಕಡಿಯುತ್ತಿದ್ದಳು, ಹಲ್ಲು ಕಡಿಯುವ ಕುರಿಗೆ ಹೊಟ್ಟೆ ಉಬ್ಬರ ಅನ್ನುವುದು ಆ ಮನೆಯ ಕೂಸಿಗೂ ಗೊತ್ತು, ಮಾದಮ್ಮ ಹಿಂದುಮುಂದು ನೋಡದೆ ಬಿದಿರಿನ ಗೊಟ್ಟ ತಂದಳು, ಕುರಿಗೆ ಔಷಧಿ ಹುಯ್ಯುವ ಅದೇ ಗೊಟ್ಟ, ತಲೆ ಎತ್ತಿ ಹಿಡಿದು ಓಮ ಹಾಕಿದ ಕಡಲೆಕಾಯಿ ಎಣ್ಣೆ ಗಟಗಟ ಹುಯ್ದೇಬಿಟ್ಟಳು, ನುಂಗವ್ವಾ ನುಂಗು, ಗಾಳಿ ಓಗ್ಲಿ ಅನ್ನುತ್ತ ಬೆನ್ನು ತಟ್ಟಿದಳು, ಗಾಳಿ ಎಲ್ಲಿಂದ ಹೋದೀತು, ಎಣ್ಣೆ ಹೋಯಿತು ಬೆಳಗಿನವರೆಗೆ. ಅದರ ಮಾರನೆಯ ದಿನ ಮಾದಮ್ಮನೇ ಮಗನ ಮೇಲೆ ಕೂಗಾಡಿದಳು, ಇದು ಉಬ್ಬರ ಅಲ್ಲ ಕಣ್ಲಾ, ಕುರಿ ಆಗಿದ್ರೆ ಇಷ್ಟೊತ್ಗೆ ಎದ್ದು ಮೇಯೋದು, ಸೇಲಂಗೆ ಕರ್ಕಂಡು ಓಗು. ಸ್ಕ್ಯಾನು, ಆಮೇಲೆ ಹೊಟ್ಟೆಯೊಳಕ್ಕೆ ಕ್ಯಾಮರಾ, ಗರ್ಭಕೋಶದ ಒಳಗಿರಬೇಕಾದ ಪದರ ಹೊರಗೆಲ್ಲ ಬೆಳೆದಿದೆ, ಎಂಡೊಮೆಟ್ರಿಯೋಸಿಸ್ ಅಂದರು ಡಾಕ್ಟರಮ್ಮ, ಅಷ್ಟುದ್ದದ ಹೆಸರು ಕೇಳಿ ಇವಳು ಅತ್ತಳು, ಸಂತೋಷಕ್ಕೆ, ಹೆಸರಿದೆ ಅಂದರೆ ನಾಟಕ ಅಲ್ಲ. ನೋವಿನ ಮಾತ್ರೆ ಕೆಲವು ಕಾಲ ಕೈ ಹಿಡಿಯಿತು, ಆಮೇಲೆ ಅದೇ ಮಾತ್ರೆ ಜಠರವನ್ನು ಹುಣ್ಣು ಮಾಡಿ ರಕ್ತ ವಾಂತಿಯಾಗಿ ಡಾಕ್ಟರಮ್ಮನೇ ನಿಲ್ಲಿಸಿದರು, ಹಾರ್ಮೋನಿನದ್ದು ಒಗ್ಗಲಿಲ್ಲ, ತಲೆ ಸಿಡಿಯುತ್ತಿತ್ತು, ಆಗ ಉಳಿದದ್ದು ಇದು, ಉಸಿರು, ಬಿಸಿ, ನಡಿಗೆ, ಕುಕ್ಕರಗಾಲು. ಇದರಿಂದ ರೋಗ ಹೋಗುವುದಿಲ್ಲ, ಆರು ತಿಂಗಳಿಗೊಮ್ಮೆ ಬಂದು ತೋರಿಸು ಅಂದಿದ್ದಾರೆ, ರೋಗ ಅದರ ಪಾಡಿಗೆ ಇದೆ, ಇವಳು ಇವಳ ಪಾಡಿಗೆ ಇದ್ದಾಳೆ, ಇಬ್ಬರೂ ಒಂದೇ ರಸ್ತೆಯಲ್ಲಿ.

ಸೊಂಟಕ್ಕೆ ಕಟ್ಟಿದ ಉಪ್ಪಿನ ಗಂಟು ಆರಿಹೋಗಿದೆ, ಕಂಬಳಿಯ ತುಂಡಿನಲ್ಲಿ ಸುತ್ತಿದ್ದರೂ ಎಷ್ಟು ಹೊತ್ತು ಇದ್ದೀತು ಬಿಸಿ, ಹುಣಸೆ ಮರದ ಕೆಳಗೆ ಪರೋಟದ ಅಂಗಡಿ, ಇವಳು ಗಂಟು ಬಿಚ್ಚಿ ಮುಂದಿಟ್ಟಳು, ಅಣ್ಣಾ, ಇದನ್ನ ಕಲ್ಲಿನ ಮೇಲೆ ಹುರಿದುಕೊಡಿ ಅಂತ ತಮಿಳಿನಲ್ಲಿ ಕೇಳಿದಳು, ಅವನು ಗಂಟಿನಿಂದ ಒಂದು ಮಾರು ದೂರ ನಿಂತು, ಎನ್ನಕ್ಕಾ ಇದು, ಮಂದಿರಮಾ ಅಂದ, ಮಂತ್ರವೂ ಇಲ್ಲ ಮಾಟವೂ ಇಲ್ಲ, ಉಪ್ಪು, ಹೊಟ್ಟೆನೋವಿಗೆ ಅಂದಳು, ಹಿಂದಿನ ವರ್ಷವಾಗಿದ್ದರೆ ನಾಚಿಕೆಯಿಂದ ಸುಮ್ಮನೆ ಸಾಯುತ್ತಿದ್ದಳು. ಅವನು ಹುರಿದ, ಚಟಪಟ ಅಂತು, ಕಟ್ಟಿಕೊಂಡಳು, ಅಬ್ಬಾ, ಹಿತ, ಹಿಂಡುತ್ತಿದ್ದ ಕೈಗಳು ಒಂದಿಷ್ಟು ಸಡಿಲಾದವು. ಶಂಕರ್ ಹಿಂದಕ್ಕೆ ಬಂದು, ಲಾರಿ ಬತ್ತದೆ, ಅತ್ತಿಸ್ಲಾ, ಅಂತ ಮೆಲ್ಲಗೆ ಕೇಳಿದ, ಒಳ್ಳೆಯವನು, ಒಳ್ಳೆಯವರೇ ಕಾಲಿಗೆ ತೊಡರುವುದು, ಬ್ಯಾಡ, ನೀನು ನಿನ್ ಜಾಗಕ್ಕೆ ಓಗು ಅಂದಳು, ಹೋದ. ಈ ನಡಿಗೆಯಲ್ಲಿ ಒಂದು ಸುಖವಿದೆ, ಮನೆಯಲ್ಲಾದರೆ ಹೊರಗಾದವಳು ಒಳಗೆ ಬರಬಾರದು, ಕುರಿದೊಡ್ಡಿಯ ಪಕ್ಕದ ಚಪ್ಪರದಲ್ಲೇ ಕೂರಬೇಕು, ಇಲ್ಲಿ ಬಯಲು, ಬಯಲಲ್ಲಿ ಒಳಗೆ ಯಾವುದು ಹೊರಗೆ ಯಾವುದು, ಮಾದಮ್ಮನೂ ಹೀಗೇ ನಡೆದವಳಂತೆ.

ರೈಲ್ವೆ ಗೇಟು. ತೆರೆದಿದೆ. ಚಿಕ್ಕಪ್ಪ ದಾಟಿದ, ಶಂಕರ್ ದಾಟಿದ, ಮಂದೆ ಅರ್ಧ ಆ ಕಡೆ ಅರ್ಧ ಈ ಕಡೆ, ಆಗ ಹಿಂದಿನಿಂದ ಒಂದು ಬಸ್ಸು ಪೋಂ ಅಂತ ಕಿವಿ ಹರಿಯುವ ಹಾಗೆ, ಕುರಿಗಳು ಬೆದರಿ ರಸ್ತೆ ಬಿಟ್ಟು ಹಳಿಯ ಮೇಲೆ ನುಗ್ಗಿದವು, ಜಲ್ಲಿಕಲ್ಲಿನ ಮೇಲೆ ಕಾಲು ಜಾರಿಸುತ್ತ, ಹಳಿಯುದ್ದಕ್ಕೂ—ಅದೇ ಹೊತ್ತಿಗೆ ಹೊಟ್ಟೆಯೊಳಗೆ ಕತ್ತರಿ ಆಡಿಸಿದ ಹಾಗೆ, ಈವರೆಗಿನದು ಏನೂ ಅಲ್ಲ ಅನ್ನುವಂಥದ್ದು, ಕಣ್ಣಿಗೆ ಕತ್ತಲೆ, ಕೂತೇಬಿಟ್ಟಳು, ಗೇಟಿನ ಈಚೆ, ಟಾರಿನ ಮೇಲೆ, ಕುಕ್ಕರಗಾಲಲ್ಲಿ, ಮುಗಿಯಿತು, ಕೂತುಬಿಟ್ಟೆ, ಚಿಕ್ಕಪ್ಪ ನೋಡಿದ, ಕೋಲು ಎತ್ತಿಕೊಂಡು ಹಳಿಯ ಆ ಕಡೆಯಿಂದ ಹೊಯ್ ಹೊಯ್ ಅನ್ನುತ್ತ ಬರುತ್ತಿದ್ದಾನೆ, ಅವನು ಹತ್ತಿರ ಬಂದಷ್ಟೂ ಅವು ದೂರ ಓಡುತ್ತವೆ, ಗೇಟಿನವನು ಗೇಟು ಇಳಿಸುತ್ತ ಆಟ್ಟ ಓಟ್ಟುಯ್ಯಾ, ವಂಡಿ ವರುದು, ಕುರಿ ಓಡಿಸಯ್ಯಾ, ರೈಲು ಬರುತ್ತಿದೆ ಅಂತ ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾನೆ, ಅಲ್ಲಿ ಅವಳ ಕುರಿಗಳಿವೆ, ಎಲ್ಲರ ಕುರಿಗಳಿವೆ, ಓಡಲಾರಳು, ಏಳಲಾರಳು, ಶಿಳ್ಳೆ ಹಾಕಲು ಉಸಿರೇ ಇಲ್ಲ, ಬಿಗಿ ಹಿಡಿಯಬೇಡ, ಬಿಡು, ಬಿಡು ಅಂದರೆ ಬಿಡು, ಬಾಯಿ ತೆರೆ, ಜನ ನೋಡಿದರೆ ನೋಡಲಿ—ಹೂಂಂ—ಅಂದಳು, ಹೊಟ್ಟೆಯ ತಳದಿಂದ, ಎಮ್ಮೆ ಕೂಗಿದ ಹಾಗೆ, ಉದ್ದಕ್ಕೆ, ಬಸ್ಸಿನವರೆಲ್ಲ ಇಣುಕುವ ಹಾಗೆ, ಮತ್ತೊಂದು, ಹೂಂಂ. ಹಳಿಯ ಮೇಲಿನ ಮುದಿ ಕುರಿ ನಿಂತಿತು. ಕಿವಿ ನಿಗುರಿಸಿತು. ಶರಣ್ಯ ಹೇಳಿಕೊಟ್ಟ ಮೇಲೆ ತಿಂಗಳು ತಿಂಗಳೂ ಚಪ್ಪರದಲ್ಲಿ ಕೂತು ಇದೇ ಸದ್ದು ಬಿಟ್ಟಿದ್ದಳಲ್ಲ, ಪಕ್ಕದ ದೊಡ್ಡಿಯಲ್ಲಿ ಅವು ಕೇಳಿದ್ದವಲ್ಲ, ನೋವು ಮರೆಯಲೆಂದು ಬೇಲಿಯ ಸಂದಿನಿಂದ ಅವಕ್ಕೆ ತಿನ್ನಲು ಜಾಲಿಕಾಯಿ ಎಸೆಯುತ್ತಿದ್ದಳು, ಸದ್ದು, ಆಮೇಲೆ ಜಾಲಿಕಾಯಿ, ಅವಕ್ಕೆ ಅಷ್ಟೇ ಗೊತ್ತು, ನೋವು ಗೀವು ಅವಕ್ಕೆ ಏನು ಗೊತ್ತು—ಮುದಿ ಕುರಿ ತಿರುಗಿತು, ಅದರ ಹಿಂದೆ ಇನ್ನೊಂದು, ಆಮೇಲೆ ಜಲ್ಲಿ ಸದ್ದು ಮಾಡುತ್ತ ಎಲ್ಲವೂ, ದಾಟಿ ಹೋದವೂ ವಾಪಸ್ಸು ಬಂದು, ಗೇಟಿನ ಸಂದಿನಲ್ಲಿ ನುಸುಳಿ, ಅವಳ ಸುತ್ತ, ತೋಳಿಗೆ ಬೆನ್ನಿಗೆ ಒರಗಿ, ಬಿಸಿ ಉಸಿರು, ಉಣ್ಣೆಯ ವಾಸನೆ. ರೈಲು ಧಡಧಡ ಹೋಯಿತು, ಹಳಿ ಖಾಲಿ, ಒಂದು ಕುರಿಯೂ ಇಲ್ಲ ಹಳಿಯ ಮೇಲೆ, ಗೆದ್ದೆ, ಕೂತೇ ಗೆದ್ದೆ ಅಂದುಕೊಂಡಳು, ನೋವು ಇನ್ನೂ ಇದೆ, ಇರಲಿ, ಅದಕ್ಕೂ ಇದರಲ್ಲಿ ಪಾಲಿದೆ. ಗೇಟು ತೆರೆದ ಮೇಲೆ ಚಿಕ್ಕಪ್ಪ ಬಂದ, ಎತ್ತಿದ ಕೋಲು ಎತ್ತಿದ ಹಾಗೇ ಇದೆ, ಹೊಯ್ ಅಂದ, ಒಂದೂ ಕದಲಲಿಲ್ಲ, ಇನ್ನೊಮ್ಮೆ ಹೊಯ್ ಅಂದ, ಆಮೇಲೆ ಕೋಲು ಇಳಿಸಿ, ನಿಧಾನಕ್ಕೆ ಏಳಮ್ಮಿ, ಇವು ನಿನ್ ಬಿಟ್ಟು ಬರಾಕಿಲ್ಲ, ಮುಂದೆ ನೀನೇ ನಡಿ ಅಂದ, ಅಂದದ್ದು ಕೇಳಿಸಿತು, ಉತ್ತರ ಕೊಡಬೇಕು, ಏಳಬೇಕು, ಮಾದಮ್ಮನಿಗೆ ಫೋನು ಮಾಡಬೇಕು, ಆದರೆ ಮುಖಗಳು, ಇಷ್ಟೊಂದು ಮುಖಗಳು, ಮೆಲುಕು ನಿಲ್ಲಿಸಿದ ಬಾಯಿಗಳು, ನಿಗುರಿದ ಕಿವಿಗಳು, ಏಳಬೇಕು, ಎದ್ದಾಳು, ಅವಸರವಿಲ್ಲ, ಮುಖಗಳು, ಒಂದೂ ಚಿಕ್ಕಪ್ಪನ ಕಡೆಗಿಲ್ಲ, ಅಷ್ಟೂ ಮುಖ ಅವಳ ಕಡೆಗೆ, ಅಷ್ಟೂ ಮುಖ—