ಗುಡ್ಡದ ತಪ್ಪಲು

ಗುಡೇಕೋಟೆಯ ಜಂಬಕ್ಕ ಐವತ್ತು ದಾಟಿದ ಮೇಲೆ ಅಕ್ಷರ ಕಲಿತವಳು. ಬಾಣಂತನಕ್ಕೆ ಬಂದಿದ್ದ ಮಗಳು ರೋಜಾ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ತಾಯಿಗೆ ಕಾಗುಣಿತ ತಿದ್ದಿಸಿದ್ದಳು. ಅಂದಿನಿಂದ ಬಸ್ಸಿನ ಬೋರ್ಡು, ಗೊಬ್ಬರದ ಚೀಲ, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದುವ ಹುಚ್ಚು ಅವಳಿಗೆ.

ಗುಡ್ಡದ ಬುಡದಲ್ಲಿ ಅಪ್ಪ ಅವಳ ಹೆಸರಿಗೆ ಬರೆದುಕೊಟ್ಟ ಎರಡೆಕರೆ ಹೊಲವಿತ್ತು. ಬದುವಿನುದ್ದಕ್ಕೂ ಬನ್ನಿ, ಬೇವು, ಆಲ. ಬೇಸಿಗೆಯಲ್ಲಿ ಕುರಿಗಳ ಹೊಟ್ಟೆಗೆ ಆ ಮರಗಳ ಸೊಪ್ಪೇ ಗತಿ. ಊರವರ ಬಾಯಲ್ಲಿ ಸೊಪ್ಪೆಂದರೆ ತಪ್ಪಲ.

ಒಂದು ಬೆಳಿಗ್ಗೆ ತಮ್ಮ ಕಾಂತೇಶ್ ಬಂದ. ತಾಯಿ ತೀರಿಕೊಂಡಾಗ ಮೂರು ವರ್ಷದವನಾಗಿದ್ದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಜಂಬಕ್ಕನೇ.

"ಅಕ್ಕಾ, ನಿನ್ನ ಹೊಲದ ತಪ್ಪಲ ನನ್ನ ಕುರಿಗೂ ಬೇಕು. ನಾಳೆ ನಿನ್ನ ಅಳಿಯ ಬ್ಯಾಡ ಅಂದ್ರ ನಾನೇನ್ ಮಾಡ್ಲಿ? ಒಂದು ಕಾಗದ ಮಾಡಿಕೊಡು."

"ತಪ್ಪಲಕ್ಕೂ ಕಾಗದ ಏನಲೇ?" ಎಂದು ನಕ್ಕಳು. ಆದರೂ ಅವನ ಜೊತೆ ಕೂಡ್ಲಿಗಿಗೆ ಹೋದಳು. ಟೈಪು ಮಾಡಿಸಿದ ಹಾಳೆಯ ಮೇಲೆ ಬೆರಳಿಟ್ಟು ಓದಿದಳು: 'ಗುಡ್ಡದ ತಪ್ಪಲನ್ನು ನನ್ನ ತಮ್ಮನಿಗೆ ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದೇನೆ.' ತನ್ನ ಬಾಯ ಮಾತೇ ಕಾಗದದಲ್ಲಿ ಕಂಡು ಹಿಗ್ಗಿದಳು. ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದಳು.

ಹದಿನೈದು ದಿನಕ್ಕೆ ಹೊಲದ ಸುತ್ತ ಕಲ್ಲುಕಂಬ ನಿಂತವು. ಕೇಳಿದರೆ ಕಾಂತೇಶ್ ಕಾಗದ ತೋರಿಸಿದ. ಅದನ್ನು ಇಸಿದುಕೊಂಡು ಜಂಬಕ್ಕ ನಿವೃತ್ತ ಮಾಸ್ತರ ಶಿವಯೋಗಪ್ಪನ ಮನೆಗೆ ನಡೆದಳು. ಕಾಂತೇಶನೂ ಹಿಂದೆಯೇ ಬಂದ.

ಮಾಸ್ತರರು ಎರಡು ಸಲ ಓದಿದರು. "ಜಂಬಕ್ಕ, ಪುಸ್ತಕದ ಮಾತಿನ್ಯಾಗ ತಪ್ಪಲು ಅಂದ್ರ ಗುಡ್ಡದ ಬುಡದ ನೆಲ. ಸೊಪ್ಪಲ್ಲವ್ವಾ."

ಅವಳು ತಮ್ಮನತ್ತ ತಿರುಗಿದಳು. "ಇದು ನಿನಗ ಗೊತ್ತಿತ್ತೇನು?"

"ನೀನಽ ಓದಿ ಸಹಿ ಮಾಡೀದಿ," ಎಂದ ಅವನು, ನೆಲ ನೋಡುತ್ತ.

"ಓದಿದ್ದು ನಾನು. ಬರೆಸಿದ್ದು ನೀನು. ಗೊತ್ತಿತ್ತೇನು ಅಂತ ಕೇಳಿದೆ."

ಅವನು ಚಪ್ಪಲಿ ಮೆಟ್ಟಿ ಹೊರಗೆ ನಡೆದ. ಅವಳ ಎದೆ ಒಡೆದದ್ದು ಆಗ. ಹೊಲ ಹೋದೀತೆಂಬ ಭಯಕ್ಕಿಂತ, ತನ್ನ ಓದನ್ನೇ ಲೆಕ್ಕ ಹಾಕಿ ಅವನು ಆ ಒಂದು ಮಾತನ್ನು ಆರಿಸಿದ್ದನಲ್ಲ ಎಂಬುದು ಅವಳನ್ನು ಸುಟ್ಟಿತು. ಹೆಬ್ಬೆಟ್ಟಿನವಳಾಗಿದ್ದರೆ ಯಾರ ಕೈಲಾದರೂ ಓದಿಸಿ ಕೇಳುತ್ತಿದ್ದಳು.

ಕಾಗದ ನೋಂದಣಿಯಾಗಿರಲಿಲ್ಲ. ಪಹಣಿಯಲ್ಲಿ ಅವಳ ಹೆಸರೇ ಇತ್ತು. ಮಾಸ್ತರರ ಮಾತಿನಂತೆ ತಾಲ್ಲೂಕು ಕಚೇರಿಗೆ ತಕರಾರು ಅರ್ಜಿ ಕೊಟ್ಟಳು. ಮೂರು ತಿಂಗಳು ಓಡಾಡಿದ ಮೇಲೆ ಕಚೇರಿಯವರು ಕಲ್ಲುಕಂಬ ಕೀಳಿಸಿದರು. ಹೊಲ ಉಳಿಯಿತು.

ಪಂಚಮಿಗೆ ಕಾಂತೇಶ್ ಅಕ್ಕನನ್ನು ತವರಿಗೆ ಕರೆಯಲು ಬಂದ. ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಜಂಬಕ್ಕ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಕುಂದ್ರು ಅನ್ನಲಿಲ್ಲ.

"ಗೀತಮ್ಮ ನಿನ್ನ ಹಾದಿ ನೋಡಾಕತ್ಯಾಳ, ಅಕ್ಕಾ," ಎಂದ, ಹೆಂಡತಿಯ ಹೆಸರು ಹೇಳಿ.

"ಬರಾದಿಲ್ಲ ಅಂತ ಹೇಳು. ಈ ಮಾತಿಗೆ ಒಂದಽ ಅರ್ಥ ಐತಿ."

ಅವನು ನೀರು ಕುಡಿದು, ತಂಬಿಗೆ ಕಟ್ಟೆಯ ಮೇಲಿಟ್ಟು ಹೋದ. ಡಬ್ಬಿ ಅಲ್ಲೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಅವಳು ಅದನ್ನು ಓಣಿಯ ಮಕ್ಕಳಿಗೆ ಹಂಚಿಬಿಟ್ಟಳು.