ಅಪ್ಪನ ಎಡೆಗೆ ಏನಿಡುವುದು

ಅಮಾವಾಸ್ಯೆಗೆ ನಾಲ್ಕೇ ದಿನ ಉಳಿದಿತ್ತು. ಅಪ್ಪನಿಗೆ ಏನು ಇಷ್ಟವಾಗಿತ್ತು ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಹಾಲಯ ಅಮಾವಾಸ್ಯೆಯಂದು ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಬದುಕಿದ್ದಾಗ ಏನನ್ನು ಪ್ರೀತಿಯಿಂದ ತಿನ್ನುತ್ತಿದ್ದರೋ ಅದನ್ನೆಲ್ಲ ಬಾಳೆಲೆಗೆ ಬಡಿಸಿ, ದೀಪ ಹಚ್ಚಿ, ಕೋಣೆಯ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಸದ್ದಿಲ್ಲದೆ ಕೂರಬೇಕು. ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ ನಾವು ಉಣ್ಣುವುದು. ಅಪ್ಪ ಬಸವರಾಜು ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು, ವರ್ಷದ ಕಾರ್ಯವೂ ಮುಗಿದಿತ್ತು. ಇದು ಅವರ ಮೊದಲ ಎಡೆ.

"ಮೊದಲ್ನೇ ಎಡೇಲಿ ಇಷ್ಟದ್ದು ಕಾಣದಿದ್ರೆ ಅಂಗೇ ಎದ್ದು ಹೋಗ್ಬುಡ್ತಾರೆ," ಎಂದರು ಶಿವನಂಜಮ್ಮತ್ತೆ. ಅಪ್ಪನ ಅಕ್ಕ. ಹಬ್ಬಕ್ಕೆಂದು ವಾರ ಮೊದಲೇ ಊರಿನಿಂದ ಬಂದಿದ್ದರು.

"ಹೋದ್ರೆ ಏನಾಗುತ್ತೆ ಅತ್ತೆ?"

"ಏನಾಗುತ್ತೆ, ಮುಂದಿನ್ ವರ್ಷ ಬರಕಿಲ್ಲ ಕಣೋ. ಅಷ್ಟೇ."

ನಾನು ಎಂ.ಎ. ಓದಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ಆದರೂ 'ಅಷ್ಟೇ' ಎಂದ ರೀತಿ ನನ್ನನ್ನು ಕೂರಲು ಬಿಡಲಿಲ್ಲ. ಊರಿನ ಒಂದು ಸಂಜೆ ಪತ್ರಿಕೆಗೆ ವಾರಕ್ಕೊಮ್ಮೆ ತಿಂಡಿ ತಿನಿಸಿನ ಸ್ವಾರಸ್ಯಗಳನ್ನು ಬರೆದುಕೊಡುವುದು ನನ್ನ ಕೆಲಸಗಳಲ್ಲೊಂದು. ಹಸಿಮೆಣಸಿನಕಾಯಿ ಹಡಗಿನಲ್ಲಿ ಬಂದದ್ದು, ಜೇನುತುಪ್ಪ ಕೆಡದೆ ಉಳಿಯುವುದು, ಗೋಡಂಬಿ ಹಣ್ಣಿನ ಹೊರಗೆ ನೇತಾಡುವುದು. ದೇಶದೇಶದವರ ನಾಲಿಗೆಯ ಸಮಾಚಾರವೆಲ್ಲ ನನಗೆ ಗೊತ್ತು. ಇಪ್ಪತ್ತೇಳು ವರ್ಷ ಎದುರಿಗೆ ಕೂತು ಉಂಡವರ ನಾಲಿಗೆಯ ಸಮಾಚಾರ ಗೊತ್ತಿಲ್ಲ.

"ಕಜ್ಜಾಯ ಅಂದ್ರೆ ಪ್ರಾಣ ಬುಡ್ತಿದ್ದ," ಎಂದರು ಅತ್ತೆ.

"ಅದು ನಿಮಗಿಷ್ಟ ಅತ್ತೆ," ಎಂದಳು ತಂಗಿ ಸಿಂಚನ. "ಅಪ್ಪಂಗೆ ಗೋಬಿ ಮಂಚೂರಿ. ನನ್ನ ಜೊತೆ ಎಷ್ಟು ಸಲ ತಿಂದಿದ್ದಾರೆ!"

"ಅಯ್ಯೋ, ನೀನು ಬಾಯಿಗೆ ಹಿಡಿದ್ರೆ ಬ್ಯಾಡ ಅಂತಾನಾ? ಕುಡಿಯೋರ ಮನೇಲಿ ಈ ಗೋಳಿಲ್ಲ ನೋಡು. ಒಂದು ಕ್ವಾರ್ಟರ್ ಇಟ್ರೆ ಮುಗೀತು. ಇವನೋ ಬೀಡೀನೂ ಸೇದಲಿಲ್ಲ."

ಅಮ್ಮ ಮಾತ್ರ ನಿರಾಳವಾಗಿದ್ದಳು. "ಹುರುಳಿಕಾಳು ಬಸ್ಸಾರು. ಅದರಲ್ಲಿ ಅನುಮಾನ ಬೇಡ. ಚೆನ್ನಾಗಿತ್ತು ಅಂತ ಅವರ ಬಾಯಲ್ಲೇ ಕೇಳಿದ್ದೀನಿ."

ಅದು ನಿಜ. ಅಪ್ಪ ಕಡಕೊಳದ ಒಂದು ಬೋಲ್ಟು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಅಮ್ಮ ಬೆಳಗ್ಗೆ ಐದಕ್ಕೆದ್ದು ಕಟ್ಟಿಕೊಟ್ಟ ಡಬ್ಬಿ ಹಿಡಿದು ಚಾಮರಾಜಪುರಂ ಸ್ಟೇಷನ್ನಿನಲ್ಲಿ ರೈಲು ಹತ್ತುತ್ತಿದ್ದರು. ಸಂಜೆ ಬಂದು ಖಾಲಿ ಡಬ್ಬಿಯನ್ನು ತೊಳೆಯಲು ಇಡುವಾಗ ಒಂದೇ ಒಂದು ಮಾತು: 'ಉಪ್ಪು ಸರಿಯಾಗಿತ್ತು,' 'ಪಲ್ಯಕ್ಕೆ ಕಾಯಿ ಜಾಸ್ತಿ ಆಯ್ತು.' ಮನೆಯಲ್ಲಿ ಉಂಡದ್ದರ ಬಗ್ಗೆ ಒಂದು ದಿನವೂ ಬಾಯಿಬಿಟ್ಟವರಲ್ಲ. ಡಬ್ಬಿಯ ಬಗ್ಗೆ ಮಾತ್ರ ಆ ಒಂದು ಮಾತು. ಅಮ್ಮ ಅದನ್ನು ಹಿಡಿದುಕೊಂಡು ಮಾರನೆಯ ದಿನದ ಅಡುಗೆ ತಿದ್ದುತ್ತಿದ್ದಳು. ಅವರಿಬ್ಬರ ನಡುವಿನ ಮಾತುಕತೆ ಹೆಚ್ಚೂ ಕಡಿಮೆ ಅಷ್ಟೇ ಇತ್ತು.

ಒಂದೇ ಸಾರು ಇಟ್ಟು ಬಾಗಿಲು ಮುಚ್ಚುವುದಕ್ಕೆ ನನಗೆ ಮನಸ್ಸು ಬರಲಿಲ್ಲ. ಕಾರ್ಖಾನೆಯಲ್ಲಿ ಅಪ್ಪನ ಜೊತೆ ದಿನಾ ಮಧ್ಯಾಹ್ನ ಊಟಕ್ಕೆ ಕೂರುತ್ತಿದ್ದವರು ಕಾಳಯ್ಯ ಎಂಬವರು. ಅಪ್ಪನ ಮಣ್ಣಿಗೂ ಬಂದಿದ್ದರು. ಮಾರನೆಯ ದಿನ ಅದೇ ರೈಲು ಹತ್ತಿ ಕಡಕೊಳಕ್ಕೆ ಹೋದೆ. ಬೋಗಿಯಲ್ಲಿ ಜಾಗವಿದ್ದರೂ ಬಾಗಿಲ ಬಳಿಯೇ ನಿಂತಿದ್ದೆ.

ಕಾಳಯ್ಯ ಮನೆ ಮುಂದಿನ ಜಗಲಿಯಲ್ಲಿ ಕೂತಿದ್ದರು. ನಾನು ಬಂದ ಕಾರಣ ಕೇಳಿ ಜೋರಾಗಿ ನಕ್ಕರು. ಆಮೇಲೆ ನಗು ನಿಂತಿತು.

"ನಿಮ್ಮಮ್ಮಂಗೆ ಗೊತ್ತಿಲ್ವೇನಪ್ಪ?"

"ಏನು ಮಾಮ?"

"ನಿಮ್ಮಪ್ಪ ಆ ಡಬ್ಬೀಲಿ ಉಂಡೋನೇ ಅಲ್ಲ. ಅದನ್ನ ಉಂಡೋನು ನಾನು."

ನಾನು ಜಗಲಿಯ ಅಂಚಿಗೆ ಕೂತೆ.

"ನಿಮ್ಮಪ್ಪ ಕೆಲ್ಸಕ್ಕೆ ಸೇರ್ದಾಗ ನಮ್ಮವಳು ತೀರ್ಕೊಂಡು ತಿಂಗಳಾಗಿತ್ತು. ನಂಗೆ ಬರ್ತಿದ್ದುದು ಉಪ್ಪಿಟ್ಟೊಂದೇ. ಅದಾದ್ರೂ ಎಂಥದ್ದು ಅಂತೀಯ, ರವೆ ಉರೀಬೇಕು ಅಂತಾನೂ ತಿಳೀದು. ಕಾಂಕ್ರೀಟು! ಒಂದಿನ ನಿಮ್ಮಪ್ಪ ಏನೂ ಅನ್ನದೆ ನನ್ನ ಡಬ್ಬಿ ಎಳ್ಕೊಂಡು ಅವನ್ದನ್ನ ನನ್ನ ಮುಂದಕ್ಕೆ ತಳ್ದ. ಮಾರನೇ ದಿನಾನೂ ಅಂಗೇ ಮಾಡ್ದ."

"ಎಷ್ಟು ದಿನ ಮಾಡಿದ್ರು?"

"ದಿನ ಎಲ್ಲಿ ಬಂತು! ರಿಟೈರ್ ಆಗೋವರ್ಗೂ."

"ಉಪ್ಪಿಟ್ಟು ಅವರಿಗೆ ಇಷ್ಟವಾಗಿತ್ತಾ?"

"ನಾನು ಕೇಳ್ಲಿಲ್ಲ, ಅವ್ನು ಹೇಳ್ಲಿಲ್ಲ. ಖಾಲಿ ಮಾಡ್ತಿದ್ದ. ಸಂಜೆ ರೈಲು ಬರೋ ಮುಂಚೆ ಮಾತ್ರ, 'ಎಂಗಿತ್ತು?' ಅಂತ ತಪ್ಪದೆ ಕೇಳೋನು. ಉಪ್ಪು ಸರಿಯಾಗಿತ್ತು ಕಣಯ್ಯ, ಕಾಯಿ ಜಾಸ್ತಿ ಆಗಿತ್ತು, ಅಂತ ಏನಾರ ಒಂದು ಹೇಳ್ತಿದ್ದೆ."

ಚಾಮರಾಜಪುರಂನಲ್ಲಿ ಇಳಿದವನು ಮನೆಗೆ ಹೋಗಲಿಲ್ಲ. ನಮ್ಮ ಬೀದಿಯನ್ನು ಎರಡು ಸಲ ದಾಟಿಹೋದೆ. ಹೇಳಿದರೆ ಅಮ್ಮನ ಇಪ್ಪತ್ತೆರಡು ವರ್ಷದ ಮುಂಜಾನೆಗಳು ಏನಾಗುತ್ತವೆ? ಹೇಳದಿದ್ದರೆ ಅಪ್ಪ ಒಂದು ದಿನವೂ ಡಬ್ಬಿಯಲ್ಲಿ ಮುಟ್ಟದ ಬಸ್ಸಾರನ್ನು ಅವರ ಎಡೆಗೇ ಬಡಿಸಿ, ಬಾಗಿಲ ಹೊರಗೆ ನಾನು ಕೂರಬೇಕು. ಅಪ್ಪನಂತೆಯೇ ನಾನೂ ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡೆ.

ಅಮಾವಾಸ್ಯೆಯ ಹಿಂದಿನ ದಿನ ಬೆಳಗ್ಗೆ ಅಮ್ಮ ಮೊರದಲ್ಲಿ ಹುರುಳಿಕಾಳು ಆರಿಸುತ್ತಿದ್ದಳು. ಹೇಳಿಬಿಟ್ಟೆ.

ಅವಳ ಕೈ ನಿಲ್ಲಲಿಲ್ಲ. ಕಲ್ಲೊಂದು ಸಿಕ್ಕಿತು, ಎಸೆದಳು. ಇನ್ನೂ ಒಂದು ಹಿಡಿ ಕಾಳು ಆರಿಸಿದಳು. ಆ ಹೊತ್ತಿನಲ್ಲಿ ಅವಳು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

"ಕಾಯಿ ಜಾಸ್ತಿ ಆಯ್ತು ಅಂದಿದ್ದೂ ಅವರೇನಾ?"

"ಹೂಂನಮ್ಮ."

"ಅವತ್ತಿಂದ ನಾನು ಕಾಯಿ ಕಮ್ಮಿ ಮಾಡ್ದೆ. ಇವತ್ತಿಗೂ ಕಮ್ಮೀನೇ ಹಾಕ್ತಿದ್ದೀನಿ." ಮೊರವನ್ನು ಪಕ್ಕಕ್ಕಿಟ್ಟಳು. "ಅಭಿ, ನಾಳೆ ಅವರನ್ನ ಕರ್ಕೊಂಡು ಬಾ. ಆ ಉಪ್ಪಿಟ್ಟು ಅವರೇ ಬಂದು ಮಾಡ್ಲಿ."

ಅತ್ತೆ ಒಳಗಿನಿಂದ ಬಂದರು. "ಯಾರೋ ಏನೋ, ಅವರ ಕೈ ಅಡುಗೆ ನಮ್ಮ ಎಡೆಗಾ? ಎಲ್ಲಾರ ಉಂಟಾ ಭಾಗ್ಯ?"

"ಇಪ್ಪತ್ತೆರಡು ವರ್ಷ ಅದನ್ನೇ ಉಂಡೋರಿಗೆ ಏನೂ ಆಗ್ಲಿಲ್ಲ. ಬುಡಿ ಅಕ್ಕ."

ಮಾರನೆಯ ದಿನ ಕಾಳಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಅಡುಗೆಮನೆಯ ಹೊಸ್ತಿಲ ಹೊರಗೇ ನಿಂತರು. ಅಮ್ಮ ಬನ್ನಿ ಎಂದ ಮೇಲೂ ಅತ್ತೆಯ ಮುಖ ಒಮ್ಮೆ ನೋಡಿ ಆಮೇಲೆ ಒಳಗೆ ಕಾಲಿಟ್ಟರು. ಹಸಿ ರವೆಯನ್ನು ಒಂದೇ ಸಲ ಕುದಿಯುವ ನೀರಿಗೆ ಸುರಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮನ ಕೈ ತಾನಾಗಿ ಸೌಟಿನ ಕಡೆ ಹೋಗಿ ಹಿಂದೆ ಬಂತು.

"ಕೈಯಾಡಿಸಲ್ವಾ ಅಣ್ಣ?"

"ಆಡ್ಸಿದ್ರೆ ಗಂಟಾಗಕಿಲ್ಲ ಕಣವ್ವ. ಅವನು ತಿಂದಿದ್ದು ಗಂಟಿಂದೇ."

ಸಿಂಚನ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಎಡೆಗೆ ಮಟನ್ ಸಾರು, ಮುದ್ದೆ, ಬಸ್ಸಾರು, ಕಜ್ಜಾಯ, ಗೋಬಿ ಎಲ್ಲ ಬಂತು. ಎಲೆಯ ನಡುವೆ ಉಪ್ಪಿಟ್ಟಿನ ಒಂದು ಹೆಂಟೆ. ಬಾಗಿಲು ಮುಚ್ಚಿ ಐದು ಜನ ಹೊರಗೆ ಕೂತೆವು. ಒಳಗೆ ಫ್ಯಾನಿನ ಸದ್ದೂ ಇರಲಿಲ್ಲ, ದೀಪ ಆರದಿರಲೆಂದು ನಿಲ್ಲಿಸಿದ್ದೆವು. ಅಪ್ಪನ ಮೌನ ನನಗೆ ಹೊಸದಲ್ಲ, ಆದರೂ ಅಂದು ಅದನ್ನು ಕೂತು ಕೇಳಲು ಆಗಲಿಲ್ಲ. ಎರಡು ಸಲ ಎದ್ದೆ. ಎರಡು ಸಲವೂ ಅತ್ತೆ ಪಂಚೆ ಹಿಡಿದು ಕೂರಿಸಿದರು.

ಬಾಗಿಲು ತೆರೆದಾಗ ಎಲೆ ಬಡಿಸಿದಂತೆಯೇ ಇತ್ತು. ಯಾವುದು ಅವರಿಗೆ ಹಿಡಿಸಿತೆಂದು ತಿಳಿಯಲು ಏನೂ ಇರಲಿಲ್ಲ.

ಊಟಕ್ಕೆ ಕೂತೆವು. ಅಮ್ಮ ಎಲ್ಲ ಬಿಟ್ಟು ಮೊದಲು ಉಪ್ಪಿಟ್ಟು ಹಾಕಿಸಿಕೊಂಡಳು. ಒಂದು ತುತ್ತು ಬಾಯಿಗಿಟ್ಟಳು. ಅಗಿಯಲು ಬಹಳ ಹೊತ್ತು ಹಿಡಿಯಿತು. ಗಂಟು, ಹಸಿ ವಾಸನೆ. ನಾನೂ ತಿಂದು ನೋಡಿದೆ. ಅವಳು ಒಂದು ಚೂರೂ ಉಳಿಸದೆ ಮುಗಿಸಿದಳು. ನೀರು ಕುಡಿದಳು. ಕಾಳಯ್ಯ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಬಸ್ಸಾರು ಕಲೆಸುತ್ತಲೇ ಇದ್ದರು, ತುತ್ತು ಎತ್ತುತ್ತಿರಲಿಲ್ಲ.

"ಕಾಳಯ್ಯಣ್ಣ," ಎಂದಳು ಅಮ್ಮ. "ನನ್ನ ಡಬ್ಬೀಲಿ ನಿಮಗೆ ಯಾವುದು ಹಿಡಿಸ್ತಿತ್ತು?"

ಅವರು ತಲೆಯೆತ್ತಿದರು. "ಯಾವ ವಾರದ್ದು ಹೇಳ್ಲವ್ವ?"

ಅಮ್ಮ ಎಲೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ ಅವರ ಕಡೆ ತಿರುಗಿ ಕೂತಳು.

"ಸೋಮವಾರದಿಂದ ಹೇಳಿ."